ಅವ್ವನನ್ನು ಎಬ್ಬಿಸಿ ಕೂರಿಸಿ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಒಂದೇ ವಿಷಯದ ಮೇಲಿದ್ದವು. ಆಪರೇಶನ್, ವೆಂಟಿಲೇಟರ್, ಆಮೇಲೆ ಉಸಿರಿನ ತೊಂದರೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗಳಿಂದ ಬರೆದಿದ್ದೀರಿ. ಅರಿವಳಿಕೆ ಕೊಡುವ ಡಾಕ್ಟರ್ ಆಗಿ ನಾನು ದಿನಾ ಕೇಳುವ ಪ್ರಶ್ನೆಗಳೇ ಇವು, ಆದರೆ ಓಟಿ ಬಾಗಿಲಲ್ಲಿ ನಿಂತು ಸರಿಯಾಗಿ ಉತ್ತರ ಹೇಳಲು ಸಮಯ ಸಿಗುವುದಿಲ್ಲ. ಅದಕ್ಕೇ ಈ ಸಂಚಿಕೆಯ ಪುಟಗಳನ್ನು ಪೂರ್ತಿ ಇದಕ್ಕೇ ಇಟ್ಟಿದ್ದೇನೆ. ಯಾರ ಹೆಸರೂ ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ಮೇಡಂ, ನಮ್ಮ ಅವ್ವನಿಗೆ 64 ವರ್ಷ. ಪಿತ್ತಕೋಶದಲ್ಲಿ ಕಲ್ಲು ಇತ್ತು, ಹೊಟ್ಟೆ ಕೊಯ್ದು ಆಪರೇಶನ್ ಮಾಡಿದರು. ಎರಡೂವರೆ ತಾಸು ಹಿಡಿಯಿತು. ಎಲ್ಲ ಚೆನ್ನಾಗಿ ಆಯಿತು ಅಂದರು. ಎರಡನೇ ದಿನ ಜ್ವರ ಬಂತು, ಉಸಿರು ಜೋರಾಯಿತು. ಎಕ್ಸ್‌ರೇ ನೋಡಿ ಶ್ವಾಸಕೋಶದ ಕೆಳಭಾಗ ಕುಗ್ಗಿದೆ, ಕಫ ಕಟ್ಟಿದೆ ಅಂದರು. ಹತ್ತು ದಿನ ಆಸ್ಪತ್ರೆಯಲ್ಲೇ ಇದ್ದು ಈಗ ಮನೆಗೆ ಬಂದಿದ್ದಾಳೆ. ಅವ್ವ ಬೀಡಿ ಸೇದಿದವಳಲ್ಲ. ನಾವೂ ಅವಳನ್ನು ಅಲುಗಾಡಲು ಬಿಡದೆ ಜೋಪಾನ ಮಾಡಿದ್ದೆವು. ಆಪರೇಶನ್ನಿನಲ್ಲಿ ಹಾಕಿದ ಆ ಉಸಿರಿನ ಮಷಿನ್ನಿನಿಂದಲೇ (ವೆಂಟಿಲೇಟರ್) ಫುಪ್ಪುಸ ಕೆಟ್ಟಿತು ಅಂತ ಸೋದರಮಾವ ಹೇಳುತ್ತಾರೆ. ನಿಜವಾ? (ಇಳಕಲ್)

ಉತ್ತರ: ತಂಗಿ, ಅವ್ವ ಮನೆಗೆ ಬಂದರು ಅಂತ ಓದಿ ಸಮಾಧಾನ ಆಯಿತು. ನಿಮ್ಮ ಮಾವನ ಮಾತಿನಲ್ಲಿ ಸ್ವಲ್ಪ ನಿಜ ಇದೆ. ಪೂರ್ತಿ ನಿಜ ತಿಳಿಯಬೇಕಾದರೆ ಒಳಗೆ ಏನಾಗುತ್ತದೆ ಅನ್ನುವುದನ್ನು ಮೊದಲಿಂದ ಹೇಳಬೇಕು.

ಹೊಟ್ಟೆಯ ಆಪರೇಶನ್ನಿಗೆ ಪೂರ್ತಿ ಅರಿವಳಿಕೆ ಕೊಡುವಾಗ ನಿದ್ದೆಯ ಔಷಧದ ಜೊತೆ ಸ್ನಾಯುಗಳನ್ನು ಸಡಿಲ ಮಾಡುವ ಔಷಧವನ್ನೂ ಕೊಡುತ್ತೇವೆ. ಹೊಟ್ಟೆ ಬಿಗಿಯಾಗಿದ್ದರೆ ಸರ್ಜನ್‌ಗೆ ಕೆಲಸ ಮಾಡಲು ಆಗುವುದಿಲ್ಲ. ಆದರೆ ಆ ಔಷಧ ಹೊಟ್ಟೆಯ ಸ್ನಾಯುವನ್ನಷ್ಟೇ ಆರಿಸಿ ಸಡಿಲ ಮಾಡುವುದಿಲ್ಲ, ಉಸಿರಾಡುವ ಸ್ನಾಯುಗಳೂ ಸುಮ್ಮನಾಗುತ್ತವೆ. ಉಸಿರು ನಿಲ್ಲುತ್ತದೆ. ಆಗ ಶ್ವಾಸನಾಳದಲ್ಲಿ ಟ್ಯೂಬ್ ಇಟ್ಟು ಮಷಿನ್ನಿನಿಂದ ಗಾಳಿ ಕೊಡುತ್ತೇವೆ. ಆ ಎರಡೂವರೆ ತಾಸು ನಿಮ್ಮ ಅವ್ವ ಉಸಿರಾಡಿದ್ದು ಆ ಮಷಿನ್ನಿನಿಂದಲೇ. ಅದಿಲ್ಲದಿದ್ದರೆ ಆ ಆಪರೇಶನ್ ಮಾಡಲು ಬರುತ್ತಿರಲಿಲ್ಲ.

ಇನ್ನು ಮಾವನ ಮಾತಿನ ನಿಜ. ಎಚ್ಚರ ಇರುವಾಗ ನಮ್ಮ ಎದೆ ಹಿಗ್ಗುತ್ತದೆ, ಗಾಳಿ ತಾನಾಗಿ ಒಳಗೆ ಬರುತ್ತದೆ. ಮಷಿನ್ ಹಾಗಲ್ಲ, ಗಾಳಿಯನ್ನು ಒಳಗೆ ತಳ್ಳುತ್ತದೆ. ಮೇಲಾಗಿ ಪೇಶೆಂಟ್ ಅಂಗಾತ ಮಲಗಿರುತ್ತಾರೆ. ಎದೆಗೂ ಹೊಟ್ಟೆಗೂ ನಡುವೆ ಇರುವ ಸ್ನಾಯುವಿನ ಪರದೆ, ಅದನ್ನು ವಪೆ ಅನ್ನುತ್ತಾರೆ, ಅದು ಸಡಿಲಾಗಿ ಹೊಟ್ಟೆಯ ಭಾರಕ್ಕೆ ಮೇಲಕ್ಕೆ ಸರಿಯುತ್ತದೆ. ಬೆನ್ನಿನ ಕಡೆಯ ಸಣ್ಣ ಗಾಳಿ ಚೀಲಗಳು ತೊಯ್ದ ಅರಿವೆಯ ಎರಡು ಪದರ ಅಂಟಿಕೊಂಡ ಹಾಗೆ ಮುಚ್ಚಿಕೊಳ್ಳುತ್ತವೆ. ಸ್ವೀಡನ್ ದೇಶದ ಡಾಕ್ಟರುಗಳು 1980ರ ದಶಕದಲ್ಲಿ ಅರಿವಳಿಕೆಯಲ್ಲಿ ಇದ್ದವರಿಗೆ ಸಿಟಿ ಸ್ಕ್ಯಾನ್ ಮಾಡಿ ಇದನ್ನು ಕಣ್ಣಾರೆ ಕಂಡರು. ಮಂಪರು ಬಂದ ಕೆಲವೇ ನಿಮಿಷಗಳಲ್ಲಿ, ಹತ್ತು ಜನರಲ್ಲಿ ಸುಮಾರು ಒಂಬತ್ತು ಜನರಿಗೆ, ಶ್ವಾಸಕೋಶದ ಸ್ವಲ್ಪ ಭಾಗ ಹೀಗೆ ಮುಚ್ಚಿಕೊಳ್ಳುತ್ತದೆ. ಗಟ್ಟಿಮುಟ್ಟಾದ ಹುಡುಗರಿಗೂ ಆಗುತ್ತದೆ. ಮುಚ್ಚಿದ ಜಾಗಕ್ಕೆ ರಕ್ತ ಬರುತ್ತದೆ, ಆದರೆ ಅಲ್ಲಿ ಆಕ್ಸಿಜನ್ ಇಲ್ಲ. ಸ್ಟ್ಯಾಂಡಿಗೆ ಬಂದ ಬಸ್ ಯಾರನ್ನೂ ಹತ್ತಿಸಿಕೊಳ್ಳದೆ ಖಾಲಿ ಹೋದ ಹಾಗೆ ರಕ್ತ ಬಂದ ಹಾಗೇ ವಾಪಸ್ ಹೋಗುತ್ತದೆ.

ಇನ್ನೊಂದು ವಿಷಯ ಇದೆ, ನನಗೆ ಇದು ಬಹಳ ಇಷ್ಟ. ನಿಟ್ಟುಸಿರು. ನಾವು ಅದನ್ನು ಬೇಸರಕ್ಕೆ, ಚಿಂತೆಗೆ ಬರುತ್ತದೆ ಅಂದುಕೊಳ್ಳುತ್ತೇವೆ ಅಲ್ವಾ? ಆದರೆ ನಮಗೆ ಗೊತ್ತಿಲ್ಲದೆಯೇ ತಾಸಿಗೆ ಸುಮಾರು ಹನ್ನೆರಡು ಸಲ ನಾವು ಒಂದು ದೊಡ್ಡ ಉಸಿರು ಎಳೆದುಕೊಳ್ಳುತ್ತೇವೆ. ಮುಚ್ಚಿಕೊಳ್ಳುತ್ತಿರುವ ಗಾಳಿ ಚೀಲಗಳನ್ನು ಆ ಒಂದು ಉಸಿರು ತೆರೆದಿಡುತ್ತದೆ. ಮಷಿನ್ ಪ್ರತಿ ಸಲವೂ ಒಂದೇ ಅಳತೆಯ ಗಾಳಿ ಕೊಡುತ್ತದೆ, ಅದು ತಾನಾಗಿ ನಿಟ್ಟುಸಿರು ಬಿಡುವುದಿಲ್ಲ. ಆ ಕೆಲಸವನ್ನು ನಾವು ನೋಡಿಕೊಳ್ಳಬೇಕು. ಕೆಲವರಿಗೆ ನಡುನಡುವೆ ಕೆಲವು ಸೆಕೆಂಡು ಜಾಸ್ತಿ ಒತ್ತಡ ಕೊಟ್ಟು ಮುಚ್ಚಿದ ಭಾಗ ಬಿಚ್ಚುತ್ತೇವೆ. ಉಸಿರು ಹೊರಗೆ ಹೋದ ಮೇಲೂ ಸ್ವಲ್ಪ ಒತ್ತಡ ಒಳಗೇ ಉಳಿಯುವ ಹಾಗೆ ಮಷಿನ್ನಿನಲ್ಲಿ ಇಡುತ್ತೇವೆ, ಇದಕ್ಕೆ ಪೀಪ್ ಅನ್ನುತ್ತೇವೆ.

ಇಷ್ಟರ ಮೇಲೂ ಸ್ವಲ್ಪ ಮುಚ್ಚಿರುತ್ತದೆ. ಸಾಮಾನ್ಯವಾಗಿ ಪೇಶೆಂಟ್ ಎದ್ದು ಕೂತು, ಓಡಾಡಿ, ಆಳವಾಗಿ ಉಸಿರಾಡಿದರೆ ಅದು ತೆರೆದುಕೊಳ್ಳುತ್ತದೆ. ನಿಮ್ಮ ಅವ್ವನಿಗೆ ಆಗದೆ ಇದ್ದದ್ದು ಇದೇ. ಪಿತ್ತಕೋಶದ ಗಾಯ ಪಕ್ಕೆಲುಬಿನ ಕೆಳಗೆ, ವಪೆಯ ಹತ್ತಿರ ಇರುತ್ತದೆ. ಉಸಿರು ಎಳೆದರೆ ನೋವು, ಕೆಮ್ಮಿದರೆ ಜೀವ ಹೋದ ಹಾಗೆ ಆಗುತ್ತದೆ. ಹಾಗಾಗಿ ಅವರು ಮೇಲೆ ಮೇಲೆ ಸಣ್ಣ ಉಸಿರು ಆಡುತ್ತಾರೆ. ಮೇಲ್ಹೊಟ್ಟೆಯ ಆಪರೇಶನ್ ಆದ ಮೇಲೆ ವಪೆ ಮೊದಲಿನ ಹಾಗೆ ಕೆಲಸ ಮಾಡಲು ಕೆಲವು ದಿನ, ಕೆಲವರಿಗೆ ಒಂದು ವಾರ ಬೇಕು. ಅಷ್ಟರಲ್ಲಿ ಕಫ ಕೆಳಗೆ ಇಳಿದು ಕೂರುತ್ತದೆ, ಅದರಲ್ಲಿ ಸೋಂಕು ಬೆಳೆಯುತ್ತದೆ. ಎರಡನೇ ದಿನದ ಜ್ವರ ಬಂದದ್ದು ಬಹುಶಃ ಹೀಗೆ.

ನಿಮ್ಮ ಮನೆಯವರು ಮಾಡಿದ್ದು ಪ್ರೀತಿಯಿಂದ. ನಮ್ಮ ಕಡೆ ಎಲ್ಲ ಮನೆಗಳಲ್ಲೂ ಹೀಗೇ ಮಾಡುತ್ತಾರೆ. "ಮಲಕ್ಕೋ ಅವ್ವಾ, ಅಲುಗಬ್ಯಾಡ, ಹೊಲಿಗೆ ಬಿಚ್ಚತಾವು." ನಾನೂ ಇದನ್ನೇ ಮಾಡಿದ್ದೇನೆ. ಡಾಕ್ಟರ್ ಆಗಿ ಎರಡೇ ವರ್ಷ ಆಗಿತ್ತು, ಅಪ್ಪನಿಗೆ ಕರುಳಿನ ಆಪರೇಶನ್ ಆಯಿತು. ಅಪ್ಪ ನೋವಿನಿಂದ ಮುಖ ಕಿವುಚುವುದನ್ನು ನೋಡಲಾಗದೆ, ಮಲಗಲಿ ಬಿಡಿ ಅಂತ ಫಿಸಿಯೋಥೆರಪಿಯವರನ್ನು ನಾನೇ ವಾಪಸ್ ಕಳಿಸಿದೆ. ಮೂರನೇ ದಿನ ಅಪ್ಪನಿಗೆ ನ್ಯುಮೋನಿಯಾ ಆಯಿತು. ಬದುಕಿದರು, ಆದರೆ ಆ ಹನ್ನೆರಡು ದಿನ ನನಗೆ ಇವತ್ತಿಗೂ ಮರೆತಿಲ್ಲ. ಅದಕ್ಕೇ ಈಗ ಎಲ್ಲರಿಗೂ ಬೇಡಿಕೊಂಡು ಹೇಳುತ್ತೇನೆ. ಎಬ್ಬಿಸಿ ಕೂರಿಸಿ. ಡಾಕ್ಟರ್ ಒಪ್ಪಿದರೆ ಅದೇ ದಿನ ಸಂಜೆ ಕಾಲು ಕೆಳಗೆ ಬಿಟ್ಟು ಕೂರಿಸಿ, ಮರುದಿನ ಕೈ ಹಿಡಿದು ವಾರ್ಡಿನಲ್ಲಿ ನಾಲ್ಕು ಹೆಜ್ಜೆ ನಡೆಸಿ. ಮಲಗಿದಾಗಲೂ ತಲೆ ಕಡೆ ಮಂಚ ಎತ್ತರ ಇರಲಿ. ಮನೆಯಿಂದ ಒಂದು ಕೌದಿ ತಂದಿರುತ್ತೀರಲ್ಲ, ಅದನ್ನು ನಾಲ್ಕು ಮಡಿಕೆ ಮಾಡಿ ಗಾಯದ ಮೇಲೆ ಎರಡೂ ಕೈಯಿಂದ ಒತ್ತಿ ಹಿಡಿದು ಕೆಮ್ಮಲು ಹೇಳಿ. ನೋವು ಅರ್ಧ ಕಡಿಮೆ ಅನಿಸುತ್ತದೆ. ಕೆಮ್ಮಿದ್ದಕ್ಕೆ ಹೊಲಿಗೆ ಸುಮ್ನೆ ಬಿಚ್ಚಿಹೋಗುವುದಿಲ್ಲ, ಸರ್ಜನ್ ಕೆಮ್ಮನ್ನು ಲೆಕ್ಕದಲ್ಲಿ ಇಟ್ಟುಕೊಂಡೇ ಹೊಲಿದಿರುತ್ತಾರೆ. ಮತ್ತೆ ನೋವಿನ ಔಷಧ ಕೇಳಿ ತೆಗೆದುಕೊಳ್ಳಿ. "ತಡಕೋತೀನಿ ಬಿಡು" ಅನ್ನುವ ನಮ್ಮ ಅವ್ವಂದಿರು ನೋವು ತಡೆದುಕೊಳ್ಳುವುದು ಉಸಿರನ್ನು ಕಡಿಮೆ ಮಾಡಿಕೊಂಡೇ.

ಕೊನೆಗೆ ಒಂದು ಮಾತು. ಅವ್ವ ಬೀಡಿ ಸೇದಿಲ್ಲ, ಸರಿ. ಎಷ್ಟು ವರ್ಷ ಕಟ್ಟಿಗೆ ಒಲೆಯ ಮುಂದೆ ಕೂತು ರೊಟ್ಟಿ ಬಡಿದಿದ್ದಾರೆ? ಮೂವತ್ತು ವರ್ಷದ ಹೊಗೆ ಕುಡಿದ ಶ್ವಾಸಕೋಶ ಬೀಡಿ ಸೇದಿದವರ ಶ್ವಾಸಕೋಶದ ಹಾಗೇ ಸವೆದಿರುತ್ತದೆ. ಇದನ್ನು ಡಾಕ್ಟರ್ ಕೇಳದಿದ್ದರೂ ನೀವೇ ಹೇಳಿ. ಮುಂದೆ ಯಾವುದೇ ಆಪರೇಶನ್ ಬಂದರೂ ಈ ಸಲ ಏನಾಯಿತು ಅನ್ನುವುದನ್ನೂ ಹೇಳಿ, ಡಿಸ್ಚಾರ್ಜ್ ಕಾಗದ ಇಟ್ಟುಕೊಳ್ಳಿ.

ಪ್ರಶ್ನೆ: 2021ರಲ್ಲಿ ಕೋವಿಡ್ ಬಂದು ನಮ್ಮ ಕಾಕಾ ವೆಂಟಿಲೇಟರ್‌ಗೆ ಹೋದರು, ತಿರುಗಿ ಬರಲಿಲ್ಲ. ಈಗ ಅಪ್ಪನಿಗೆ ದೊಡ್ಡ ಕರುಳಿನ ಗಡ್ಡೆ ತೆಗೆಯಬೇಕು. ಆಪರೇಶನ್ ಆದ ಮೇಲೂ ಒಂದು ರಾತ್ರಿ ವೆಂಟಿಲೇಟರ್ ಬೇಕಾಗಬಹುದು, ಸಹಿ ಮಾಡಿ ಅಂತಿದ್ದಾರೆ. ವೆಂಟಿಲೇಟರ್ ಹಾಕಿದರೆ ಮುಗೀತು ಅಂತ ಊರಲ್ಲಿ ಎಲ್ಲರೂ ಹೇಳುತ್ತಾರೆ. ಕೈ ನಡುಗುತ್ತಿದೆ. ಏನು ಮಾಡಲಿ? (ಅಥಣಿ ತಾಲ್ಲೂಕು)

ಉತ್ತರ: ತಮ್ಮಾ, ಕಾಕಾ ಅವರನ್ನು ಕಳೆದುಕೊಂಡವರಿಗೆ ಹೆದರಬೇಡಿ ಅಂತ ಹೇಳುವುದು ಸುಲಭ, ಕೇಳುವುದು ಕಷ್ಟ. ಕೋವಿಡ್‌ನ ಆ ಎರಡು ವರ್ಷ ನಾನೂ ಐಸಿಯುನಲ್ಲಿ ಕೆಲಸ ಮಾಡುತ್ತಿದ್ದೆ.

ಆದರೆ ಎರಡರ ನಡುವೆ ದೊಡ್ಡ ಫರಕು ಇದೆ. ಕಾಕಾ ಅವರಿಗೆ ರೋಗ ಇದ್ದದ್ದು ಶ್ವಾಸಕೋಶದಲ್ಲಿಯೇ. ಅದು ಕೈಬಿಟ್ಟ ಮೇಲೆ ಕೊನೆಯ ಉಪಾಯವಾಗಿ ಮಷಿನ್ ಬಂತು. ಅಪ್ಪನಿಗೆ ರೋಗ ಇರುವುದು ಕರುಳಿನಲ್ಲಿ. ಅವರ ಉಸಿರನ್ನು ನಾವೇ ಔಷಧ ಕೊಟ್ಟು ನಿಲ್ಲಿಸುತ್ತೇವೆ, ಕೆಲಸ ಆದ ಮೇಲೆ ನಾವೇ ತಿರುಗಿ ಬರುವ ಹಾಗೆ ಮಾಡುತ್ತೇವೆ. ದಿನಾ ಸಾವಿರಾರು ಜನರಿಗೆ ಇದು ನಡೆಯುತ್ತದೆ. ಬಹಳ ಜನರಿಗೆ ತಮಗೆ ವೆಂಟಿಲೇಟರ್ ಹಾಕಿದ್ದರು ಅನ್ನುವುದೇ ಗೊತ್ತಿರುವುದಿಲ್ಲ.

ಒಂದು ರಾತ್ರಿ ಯಾಕೆ ಅಂತ ಹೇಳುತ್ತೇನೆ. ದೊಡ್ಡ ಆಪರೇಶನ್ ಐದಾರು ತಾಸು ನಡೆದರೆ ಮೈ ತಣ್ಣಗಾಗಿರುತ್ತದೆ, ರಕ್ತ ಹೋಗಿರುತ್ತದೆ, ಬಿಪಿ ಏರುಪೇರು ಆಗಿರಬಹುದು. ಆ ಸ್ಥಿತಿಯಲ್ಲಿ ಅವಸರ ಮಾಡಿ ಟ್ಯೂಬ್ ತೆಗೆದು, ರಾತ್ರಿ ಎರಡಕ್ಕೆ ಮತ್ತೆ ಹಾಕುವುದಕ್ಕಿಂತ, ಮೈ ಬೆಚ್ಚಗಾಗಿ, ಪೂರ್ತಿ ಎಚ್ಚರ ಬಂದು, ಹೇಳಿದ ಮಾತು ಕೇಳುವ ಹಾಗೆ ಆಗಿ, ತಾವೇ ಉಸಿರಾಡುವವರೆಗೆ ಕಾಯುವುದು ಒಳ್ಳೆಯದು. ಎಲ್ಲ ಸರಿ ಇದ್ದರೆ ಟೇಬಲ್ ಮೇಲೇ ತೆಗೆಯುತ್ತಾರೆ.

ಈ ಮಷಿನ್ ಎಲ್ಲಿಂದ ಬಂತು ಅನ್ನುವುದನ್ನು ನಿಮಗೆ ಹೇಳಬೇಕು ಅನಿಸುತ್ತಿದೆ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಪೋಲಿಯೋ ಹರಡಿತು. ಉಸಿರಾಡುವ ಸ್ನಾಯು ಸೋತು ಮಕ್ಕಳು ಸಾಯುತ್ತಿದ್ದರು. ಬ್ಯೋರ್ನ್ ಇಬ್ಸೆನ್ ಅನ್ನುವ ಅರಿವಳಿಕೆ ಡಾಕ್ಟರ್, ಓಟಿಯಲ್ಲಿ ನಾವು ಮಾಡುವುದನ್ನೇ ವಾರ್ಡಿನಲ್ಲಿ ಮಾಡೋಣ ಅಂದರು. ಕುತ್ತಿಗೆಯಲ್ಲಿ ಟ್ಯೂಬ್ ಇಟ್ಟು ರಬ್ಬರ್ ಚೀಲ ಒತ್ತಿ ಗಾಳಿ ಕೊಟ್ಟರು. ಅಷ್ಟು ಮಷಿನ್ ಎಲ್ಲಿಂದ ತರಬೇಕು? ಸುಮಾರು ಒಂದೂವರೆ ಸಾವಿರ ವಿದ್ಯಾರ್ಥಿಗಳು ಪಾಳಿ ಹಾಕಿಕೊಂಡು, ತಿಂಗಳುಗಟ್ಟಲೆ, ಹಗಲೂ ರಾತ್ರಿ ಕೈಯಿಂದ ಆ ಚೀಲ ಒತ್ತಿದರು. ಸಾಯುವವರ ಸಂಖ್ಯೆ ಅರ್ಧಕ್ಕಿಂತ ಕೆಳಗೆ ಇಳಿಯಿತು. ಈಗಿನ ಐಸಿಯು ಅನ್ನುವುದೇ ಅಲ್ಲಿಂದ ಹುಟ್ಟಿದ್ದು.

ಸಹಿ ಮಾಡಿ. ಮಾಡುವ ಮೊದಲು ಎರಡು ಮಾತು ಕೇಳಿ: ಯಾವ ಕಾರಣಕ್ಕೆ ರಾತ್ರಿ ಇಡಬೇಕಾಗಬಹುದು, ಏನು ನೋಡಿಕೊಂಡು ತೆಗೆಯುತ್ತೀರಿ. ಒಳ್ಳೆಯ ಡಾಕ್ಟರ್ ಇದಕ್ಕೆ ಸಿಟ್ಟಾಗುವುದಿಲ್ಲ.

ಪ್ರಶ್ನೆ: ನನ್ನ ಹೆಂಡತಿಗೆ ಗರ್ಭಕೋಶದ ಆಪರೇಶನ್. ತೂಕ 88 ಕೆಜಿ, ಎತ್ತರ ಐದು ಅಡಿ. ಅರಿವಳಿಕೆ ಡಾಕ್ಟರ್ ತೂಕ ನೋಡಿದ ಮೇಲೂ ಗೋಡೆಗೆ ನಿಲ್ಲಿಸಿ ಎತ್ತರ ಅಳೆದರು. ಎತ್ತರಕ್ಕೂ ಆಪರೇಶನ್ನಿಗೂ ಏನು ಸಂಬಂಧ? (ಮುಧೋಳ)

ಉತ್ತರ: ಒಳ್ಳೆಯ ಡಾಕ್ಟರ್ ಸಿಕ್ಕಿದ್ದಾರೆ ನಿಮಗೆ. ಮೈ ತೂಕ ಏರಿದರೂ ಶ್ವಾಸಕೋಶ ದೊಡ್ಡದಾಗುವುದಿಲ್ಲ. ಅದರ ಅಳತೆ ಎತ್ತರಕ್ಕೆ ತಕ್ಕ ಹಾಗೆ ಇರುತ್ತದೆ. ಐದು ಅಡಿಯ ಹೆಣ್ಣುಮಗಳ ಶ್ವಾಸಕೋಶಕ್ಕೆ ನಾವು ಲೆಕ್ಕ ಹಾಕುವ ತೂಕ ಸುಮಾರು 45 ಕೆಜಿ, ಆಕೆ 50 ಕೆಜಿ ಇರಲಿ, 88 ಇರಲಿ. ಕೆಜಿಗೆ 6ರಿಂದ 8 ಮಿಲಿ ಅಂತ ಹಿಡಿದರೆ ಒಂದು ಉಸಿರಿಗೆ ಸುಮಾರು 270ರಿಂದ 360 ಮಿಲಿ ಗಾಳಿ ಸಾಕು. ಹಿಂದಿನ ಕಾಲದ ಹಾಗೆ ಕೆಜಿಗೆ 10 ಮಿಲಿ ಅಂತ, ಅದೂ 88 ಕೆಜಿಗೆ ಲೆಕ್ಕ ಹಾಕಿದರೆ 880 ಮಿಲಿ ಆಗುತ್ತದೆ. ಅಷ್ಟೇ ಸಣ್ಣ ಶ್ವಾಸಕೋಶಕ್ಕೆ ಪ್ರತಿ ಉಸಿರಿಗೂ ಎರಡು ಪಟ್ಟಿಗಿಂತ ಜಾಸ್ತಿ ಗಾಳಿ. ತಾಸುಗಟ್ಟಲೆ ಹಾಗೆ ಹಿಗ್ಗಿಸಿದರೆ ಗಾಳಿ ಚೀಲಗಳಿಗೆ ಗಾಯ ಆಗುತ್ತದೆ.

ಹಿಂದೆ ಜಾಸ್ತಿ ಗಾಳಿ ಕೊಡುತ್ತಿದ್ದವರು ದಡ್ಡರಲ್ಲ. ಶ್ವಾಸಕೋಶ ಮುಚ್ಚಿಕೊಳ್ಳುತ್ತದೆ ಅನ್ನುವುದು 1960ರ ದಶಕದಲ್ಲೇ ಗೊತ್ತಾಗಿತ್ತು, ದೊಡ್ಡ ಉಸಿರು ಕೊಟ್ಟು ತೆರೆದಿಡೋಣ ಅಂತ ಮಾಡುತ್ತಿದ್ದರು. 2000ದಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನ ಕಣ್ಣು ತೆರೆಸಿತು. ಶ್ವಾಸಕೋಶ ಆಗಲೇ ಕೆಟ್ಟು ಐಸಿಯುನಲ್ಲಿ ಇದ್ದ 861 ಜನರಲ್ಲಿ, ಕೆಜಿಗೆ 12 ಮಿಲಿ ಕೊಟ್ಟವರಲ್ಲಿ ನೂರಕ್ಕೆ ಸುಮಾರು 40 ಜನ ತೀರಿಕೊಂಡರು, 6 ಮಿಲಿ ಕೊಟ್ಟವರಲ್ಲಿ 31 ಜನ. ಆಪರೇಶನ್ನಿನಲ್ಲೂ ಹೀಗೇನಾ ಅಂತ ಫ್ರಾನ್ಸಿನವರು ಹೊಟ್ಟೆಯ ಆಪರೇಶನ್ ಆದ 400 ಜನರಲ್ಲಿ ನೋಡಿ 2013ರಲ್ಲಿ ಬರೆದರು. ಕಡಿಮೆ ಗಾಳಿ, ಸ್ವಲ್ಪ ಪೀಪ್, ನಡುನಡುವೆ ದೊಡ್ಡ ಉಸಿರು, ಈ ಮೂರನ್ನೂ ಕೊಟ್ಟವರಿಗೆ ದೊಡ್ಡ ತೊಂದರೆಗಳು ನೂರಕ್ಕೆ 27ರಿಂದ 10ಕ್ಕೆ ಇಳಿದವು.

ಅಲ್ಲಿಗೇ ಮುಗಿದಿದ್ದರೆ ಸುಲಭ ಇತ್ತು. ಪೀಪ್ ಒಳ್ಳೆಯದಾದರೆ ಜಾಸ್ತಿ ಪೀಪ್ ಇನ್ನೂ ಒಳ್ಳೆಯದು ಅಂತ ಎಲ್ಲರೂ ಅಂದುಕೊಂಡರು. 2014ರ ಅಧ್ಯಯನದಲ್ಲಿ ಜಾಸ್ತಿ ಪೀಪ್‌ನಿಂದ ಶ್ವಾಸಕೋಶಕ್ಕೆ ಲಾಭ ಆಗಲಿಲ್ಲ, ಬಿಪಿ ಮಾತ್ರ ಬಿತ್ತು. 2019ರಲ್ಲಿ ದಪ್ಪ ಮೈಯವರಲ್ಲೇ, ಸುಮಾರು ಎರಡು ಸಾವಿರ ಜನರಲ್ಲಿ ನೋಡಿದರು, ಹೇಳಿಕೊಳ್ಳುವಂಥ ಫರಕು ಕಾಣಲಿಲ್ಲ. 2020ರಲ್ಲಿ ಆಸ್ಟ್ರೇಲಿಯಾದವರು ಎಲ್ಲರಿಗೂ ಪೀಪ್ ಒಂದೇ ಸಮ ಇಟ್ಟು 6 ಮಿಲಿ ಮತ್ತು 10 ಮಿಲಿ ಹೋಲಿಸಿದರು, ಅಲ್ಲೂ ಎರಡೂ ಒಂದೇ ಆಯಿತು. ಹಾಗಾಗಿ ನಾನು ತಿಳಿದುಕೊಂಡದ್ದು ಇಷ್ಟು: ಅತಿ ಮಾಡಬಾರದು, ಎತ್ತರಕ್ಕೆ ತಕ್ಕ ಗಾಳಿ ಮತ್ತು ಮಿತವಾದ ಪೀಪ್ ಇಟ್ಟರೆ ಮಷಿನ್ನಿನ ಕಡೆಯ ಕೆಲಸ ಬಹುಪಾಲು ಆಯಿತು.

ಉಳಿದ ಕೆಲಸ ನಿಮ್ಮದು. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿ 2018ರಲ್ಲಿ ಇನ್ನೊಂದು ಅಧ್ಯಯನ ಬಂತು. ಮೇಲ್ಹೊಟ್ಟೆಯ ಆಪರೇಶನ್ನಿಗೆ ಬಂದವರಿಗೆ ಮೊದಲೇ ಒಂದು ದಿನ ಫಿಸಿಯೋಥೆರಪಿಯವರು ಅರ್ಧ ತಾಸು ಕೂತು, ಶ್ವಾಸಕೋಶಕ್ಕೆ ಏನಾಗುತ್ತದೆ, ಎಚ್ಚರ ಆದ ಕೂಡಲೇ ಹೇಗೆ ಉಸಿರಾಡಬೇಕು ಅಂತ ಹೇಳಿಕೊಟ್ಟರು. ಅಷ್ಟೇ ಮಾಡಿದ್ದು. ಶ್ವಾಸಕೋಶದ ತೊಂದರೆ ನೂರಕ್ಕೆ 27 ಇದ್ದದ್ದು 12 ಆಯಿತು. ಮಷಿನ್ ಇಲ್ಲ, ಔಷಧ ಇಲ್ಲ, ಅರ್ಧ ತಾಸಿನ ಮಾತು. ನಿಮ್ಮ ಹೆಂಡತಿ ಆಪರೇಶನ್ನಿಗೆ ಹೋಗುವ ಮೊದಲು ಆ ಅರ್ಧ ತಾಸನ್ನು ಕೇಳಿ ಪಡೆಯಿರಿ, ನೀವೂ ಪಕ್ಕದಲ್ಲಿ ಕೂತು ಕಲಿಯಿರಿ. ರಾತ್ರಿ ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ನಿಂತ ಹಾಗೆ ಆಗುತ್ತದಾ? ಅದನ್ನು ಗಮನಿಸಿದವರು ನೀವೊಬ್ಬರೇ. ಡಾಕ್ಟರಿಗೆ ಹೇಳಿ.

ಪ್ರಶ್ನೆ: ನನಗೆ 41 ವರ್ಷ, ದಿನಕ್ಕೆ ಒಂದು ಕಟ್ಟು ಬೀಡಿ. ಮೂರು ವಾರದಲ್ಲಿ ಹರ್ನಿಯಾ ಆಪರೇಶನ್ ಇದೆ. ಈಗ ಬಿಟ್ಟರೆ ಕಫ ಜಾಸ್ತಿಯಾಗಿ ಇನ್ನೂ ಅಪಾಯ, ಆಪರೇಶನ್ ಆದ ಮೇಲೆ ಬಿಡು ಅಂತ ಗೆಳೆಯರು ಹೇಳುತ್ತಾರೆ. (ಗೋಕಾಕ)

ಉತ್ತರ: ಇವತ್ತೇ ಬಿಡಿ. ಗೆಳೆಯರು ಹೇಳಿದ ಮಾತು ಹಿಂದೆ ಕೆಲವು ಡಾಕ್ಟರುಗಳಲ್ಲೂ ಇತ್ತು, ಆಮೇಲೆ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಅದಕ್ಕೆ ಆಧಾರ ಸಿಗಲಿಲ್ಲ. ನಾಲ್ಕು ವಾರಕ್ಕಿಂತ ಮೊದಲು ಬಿಟ್ಟರೆ ಶ್ವಾಸಕೋಶಕ್ಕೆ ಲಾಭ ಚೆನ್ನಾಗಿ ಕಾಣುತ್ತದೆ, ಎಂಟು ವಾರ ಆದರೆ ಇನ್ನೂ ಒಳ್ಳೆಯದು. ನಿಮಗೆ ಮೂರು ವಾರ ಇದೆ. ಹರ್ನಿಯಾ ಅವಸರದ್ದಲ್ಲದಿದ್ದರೆ ಸರ್ಜನ್ ಜೊತೆ ಮಾತಾಡಿ ಎರಡು ವಾರ ಮುಂದೆ ಹಾಕಬಹುದಾ ಅಂತ ಕೇಳಿ. ಆಗದಿದ್ದರೂ ಬಿಡಿ. ಬೀಡಿಯ ಹೊಗೆಯಲ್ಲಿ ಇರುವ ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಆಕ್ಸಿಜನ್ ಕೂರಬೇಕಾದ ಜಾಗದಲ್ಲಿ ತಾನು ಕೂರುತ್ತದೆ. ಬಿಟ್ಟ ಒಂದೇ ದಿನದಲ್ಲಿ ಅದು ಬಹುಪಾಲು ಹೊರಗೆ ಹೋಗುತ್ತದೆ. ಗಾಯವೂ ಬೇಗ ಮಾಯುತ್ತದೆ. ಇನ್ನೊಂದು, ಬೀಡಿಯ ಕೆಮ್ಮು ಇದ್ದರೆ ಹರ್ನಿಯಾ ಹೊಲಿದ ಜಾಗಕ್ಕೆ ದಿನಾ ಪೆಟ್ಟು.

ಗುಟ್ಕಾ, ತಂಬಾಕು ಜಗಿಯುವ ಅಭ್ಯಾಸ ಇದೆಯಾ ಅಂತ ನೀವು ಬರೆದಿಲ್ಲ. ನಮ್ಮ ಜಿಲ್ಲೆಗಳಲ್ಲಿ ಇದನ್ನು ಕೇಳಲೇಬೇಕು. ವರ್ಷಗಟ್ಟಲೆ ಜಗಿದವರ ಬಾಯಿ ಬಿಗಿದುಕೊಂಡು ಪೂರ್ತಿ ತೆರೆಯುವುದಿಲ್ಲ. ಕನ್ನಡಿ ಮುಂದೆ ನಿಂತು ಬಾಯಿ ತೆರೆದು ನಿಮ್ಮದೇ ಮೂರು ಬೆರಳು ನಿಲ್ಲಿಸಿ ನೋಡಿ. ಹೋಗದಿದ್ದರೆ ಅರಿವಳಿಕೆ ಡಾಕ್ಟರಿಗೆ ಮೊದಲೇ ಹೇಳಿ. ಟ್ಯೂಬ್ ಇಡುವುದು ಕಷ್ಟ ಆಗಬಹುದು ಅಂತ ಗೊತ್ತಿದ್ದರೆ ನಾವು ಅದಕ್ಕೆ ಬೇಕಾದ ಸಾಮಾನು ತಯಾರು ಇಟ್ಟುಕೊಳ್ಳುತ್ತೇವೆ, ಅಥವಾ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡಲು ಬರುತ್ತದಾ ನೋಡುತ್ತೇವೆ. ಮಲಗಿಸಿದ ಮೇಲೆ ಗೊತ್ತಾಗುವುದು ನನಗೆ ನಿಜವಾಗಿಯೂ ಹೆದರಿಕೆ ಹುಟ್ಟಿಸುವ ವಿಷಯ.

ಪ್ರಶ್ನೆ: ನಾನು ಸ್ಟಾಫ್ ನರ್ಸ್. ಓಟಿಯಿಂದ ವಾರ್ಡಿಗೆ ಬಂದ ಕೆಲವರು ಕಣ್ಣು ಬಿಡುತ್ತಾರೆ, ಆದರೆ ತಲೆ ಎತ್ತಲು ಆಗುವುದಿಲ್ಲ, ಉಸಿರು ಸಣ್ಣದು. ಮಾಸ್ಕ್ ಹಾಕಿದರೆ ಸ್ಯಾಚುರೇಶನ್ (ರಕ್ತದ ಆಕ್ಸಿಜನ್ ಮಟ್ಟ) 98 ಇರುತ್ತದೆ. ಸುಮ್ನೆ ಬಿಡಬಹುದಾ? (ವಿಜಯಪುರ)

ಉತ್ತರ: ಬಿಡಬಾರದು ಸಿಸ್ಟರ್. ನಿಮ್ಮ ಕಣ್ಣು ಸರಿಯಾಗಿ ಹಿಡಿದಿದೆ. ಸ್ನಾಯು ಸಡಿಲ ಮಾಡುವ ಔಷಧ ಇನ್ನೂ ಸ್ವಲ್ಪ ಉಳಿದಿರಬಹುದು. ಅಂಥವರಿಗೆ ನುಂಗಲು, ಕೆಮ್ಮಲು ಬಲ ಇರುವುದಿಲ್ಲ, ಬಾಯಿಯ ಜೊಲ್ಲು, ಕಫ ಒಳಗೆ ಜಾರುತ್ತದೆ. ಮಣಿಕಟ್ಟಿನ ನರಕ್ಕೆ ನಾಲ್ಕು ಸಲ ಸಣ್ಣ ಕರೆಂಟ್ ಕೊಟ್ಟು ನಾಲ್ಕನೆಯ ಮಿಡಿತ ಮೊದಲನೆಯದರ ಶೇಕಡಾ 90ರಷ್ಟಾದರೂ ಇದೆಯಾ ಅಂತ ಅಳೆಯುವುದು ಸರಿಯಾದ ಕ್ರಮ. ತಲೆ ಎತ್ತಿ ತೋರಿಸು ಅನ್ನುವ ಹಳೆಯ ಪರೀಕ್ಷೆಯಲ್ಲಿ ಪಾಸಾದವರಲ್ಲೂ ಔಷಧ ಉಳಿದಿರುತ್ತದೆ, ನೀವು ಹೇಳಿದವರು ಅದರಲ್ಲೇ ಫೇಲ್.

98ಕ್ಕೆ ಮೋಸ ಹೋಗಬೇಡಿ. ಮಾಸ್ಕಿನ ಆಕ್ಸಿಜನ್ ಆ ಅಂಕಿಯನ್ನು ಮೇಲೆ ಹಿಡಿದಿಡುತ್ತದೆ, ಒಳಗೆ ಇಂಗಾಲದ ಡೈಆಕ್ಸೈಡ್ ಏರುತ್ತಿರುತ್ತದೆ. ಒಂದು ನಿಮಿಷಕ್ಕೆ ಎಷ್ಟು ಉಸಿರು ಅಂತ ಎದೆಯ ಮೇಲೆ ಕಣ್ಣಿಟ್ಟು ಎಣಿಸಿ ಬರೆಯಿರಿ. ತಲೆ ಕಡೆ ಎತ್ತರ ಮಾಡಿ, ಕೂಡಲೇ ಅರಿವಳಿಕೆ ಡಾಕ್ಟರನ್ನು ಕರೆಯಿರಿ. ರಾತ್ರಿ ಎಬ್ಬಿಸಿದರೆ ಬೈಯುತ್ತಾರೆ ಅಂತ ಹಿಂಜರಿಯಬೇಡಿ.

ಪ್ರಶ್ನೆ: ಆಪರೇಶನ್ ಆದ ಮೇಲೆ ಅಜ್ಜಿಗೆ ಮೂರು ಚೆಂಡಿನ ಊದುವ ಸಾಮಾನು ಕೊಟ್ಟಿದ್ದಾರೆ. ಎಷ್ಟು ಜೋರಾಗಿ ಊದಿದರೂ ಒಂದೂ ಚೆಂಡು ಏಳುವುದಿಲ್ಲ. (ಖಾನಾಪುರ)

ಉತ್ತರ: ಅದು ಊದುವುದಲ್ಲ, ಎಳೆಯುವುದು! ಎಷ್ಟೋ ಮನೆಗಳಲ್ಲಿ ಇದೇ ಗೊಂದಲ, ಕೈಗೆ ಕೊಟ್ಟವರು ತೋರಿಸಿಕೊಡುವುದಿಲ್ಲ. ಅಜ್ಜಿಯನ್ನು ನೆಟ್ಟಗೆ ಕೂರಿಸಿ. ಉಸಿರು ಪೂರ್ತಿ ಹೊರಗೆ ಬಿಟ್ಟು, ಪೈಪನ್ನು ತುಟಿಯಲ್ಲಿ ಬಿಗಿಯಾಗಿ ಹಿಡಿದು, ನಿಧಾನವಾಗಿ ಒಳಗೆ ಎಳೆಯಲಿ. ಎಳೆದದ್ದನ್ನು ಮೂರು ಎಣಿಸುವವರೆಗೆ ಹಿಡಿದು ಬಿಡಲಿ. ಒಂದು ಚೆಂಡು ಎದ್ದು ಸ್ವಲ್ಪ ಹೊತ್ತು ಮೇಲೆ ನಿಂತರೂ ಸಾಕು, ಮೂರನ್ನೂ ಒಮ್ಮೆಲೇ ಹಾರಿಸುವುದಕ್ಕಿಂತ ಅದೇ ಒಳ್ಳೆಯದು. ಎಚ್ಚರ ಇದ್ದಾಗ ತಾಸಿಗೆ ಹತ್ತು ಸಲ. ತಲೆ ಸುತ್ತಿದರೆ ನಿಲ್ಲಿಸಿ ಸುಧಾರಿಸಿಕೊಳ್ಳಲಿ.

ಆ ಸಾಮಾನಿನಲ್ಲಿ ಬೇರೆ ಶಕ್ತಿ ಏನೂ ಇಲ್ಲ. ಅದೊಂದರಿಂದಲೇ ನ್ಯುಮೋನಿಯಾ ತಪ್ಪುತ್ತದೆ ಅಂತ ಅಧ್ಯಯನಗಳೂ ಹೇಳುವುದಿಲ್ಲ. ಚೆಂಡು ಇಲ್ಲದೆ ಮೂಗಿನಿಂದ ಆಳವಾಗಿ ಉಸಿರೆಳೆದು ಹಿಡಿದರೂ ಅದೇ ಕೆಲಸ. ಅಜ್ಜಿ ದಿನಕ್ಕೆ ಎರಡು ಸಲ ಹಲ್ಲು ಉಜ್ಜಲಿ, ಹಲ್ಲಿಲ್ಲದಿದ್ದರೆ ಬಾಯಿ ತೊಳೆಯಲಿ, ಬಾಯಿಯ ಕೊಳೆಯೇ ಕೆಳಗೆ ಇಳಿದು ಸೋಂಕು ಆಗುವುದು. ಮತ್ತೆ ವರಾಂಡದ ಕಿಟಕಿಯವರೆಗೆ ನಡೆಸಿಕೊಂಡು ಹೋಗಿ.

ಪ್ರಶ್ನೆ: ಅಪ್ಪ ಮಗ್ಗದ ಕೆಲಸ ಮಾಡಿದವರು, ದಮ್ಮು ಇದೆ, ಪಂಪ್ (ಇನ್‌ಹೇಲರ್) ತೆಗೆದುಕೊಳ್ಳುತ್ತಾರೆ. ಆಪರೇಶನ್ ದಿನ ಉಪವಾಸ ಅಂದಿದ್ದಾರೆ, ಪಂಪೂ ಬಿಡಬೇಕಾ? ಬೆಳಿಗ್ಗೆ ಅರ್ಧ ಕಪ್ ಚಹಾ ನಡೆಯುತ್ತದಾ? ಹೋದ ವಾರ ನೆಗಡಿ ಬೇರೆ ಆಗಿತ್ತು. (ಬನಹಟ್ಟಿ)

ಉತ್ತರ: ಪಂಪ್ ಬಿಡಬಾರದು. ಆ ದಿನ ಬೆಳಿಗ್ಗೆಯೂ ತೆಗೆದುಕೊಂಡು, ಆಸ್ಪತ್ರೆಗೂ ಜೊತೆಗೇ ತರಲಿ. ಹಾಲು ಹಾಕಿದ ಚಹಾ ನಡೆಯುವುದಿಲ್ಲ, ಅದನ್ನು ಊಟದ ಲೆಕ್ಕಕ್ಕೆ ಹಿಡಿಯುತ್ತೇವೆ: ಆರು ತಾಸು ಮೊದಲು ನಿಲ್ಲಿಸಬೇಕು. ಬರೀ ನೀರು ಎರಡು ತಾಸು ಮೊದಲಿನವರೆಗೆ ಕುಡಿಯಬಹುದು, ನಿಮ್ಮ ಡಾಕ್ಟರ್ ಬೇಡ ಅಂದಿರದಿದ್ದರೆ. ಮಂಪರಿನಲ್ಲಿ ಹೊಟ್ಟೆಯಲ್ಲಿ ಇದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಹೊಟ್ಟೆಯ ಆಮ್ಲ ಅದನ್ನು ಸುಡುತ್ತದೆ. ಕುಡಿದುಬಿಟ್ಟಿದ್ದರೆ ಮುಚ್ಚಿಡಬೇಡಿ, ಕೆಲವು ತಾಸು ತಡವಾಗಿ ಮಾಡುತ್ತೇವೆ ಅಷ್ಟೇ.

ನೆಗಡಿಯ ವಿಷಯ ಇವತ್ತೇ ಫೋನ್ ಮಾಡಿ ಹೇಳಿ. ಸ್ಪೇನಿನ ಡಾಕ್ಟರುಗಳು ಸುಮಾರು ಎರಡೂವರೆ ಸಾವಿರ ಜನರನ್ನು ಗಮನಿಸಿ 2010ರಲ್ಲಿ ಅಪಾಯದ ಪಟ್ಟಿ ಮಾಡಿದರು. ವಯಸ್ಸು, ಆಕ್ಸಿಜನ್ ಕಡಿಮೆ ಇರುವುದು, ರಕ್ತಹೀನತೆ, ಎದೆ ಅಥವಾ ಮೇಲ್ಹೊಟ್ಟೆಯ ಗಾಯ, ಎರಡು ತಾಸಿಗಿಂತ ಜಾಸ್ತಿ ಸಮಯ, ತುರ್ತು ಆಪರೇಶನ್, ಇವುಗಳ ಜೊತೆ ಕಳೆದ ಒಂದು ತಿಂಗಳಲ್ಲಿ ಆದ ಉಸಿರಿನ ಸೋಂಕೂ ಇದೆ. ಅವಸರ ಇಲ್ಲದ ಆಪರೇಶನ್ ಆದರೆ ಮುಂದೆ ಹಾಕುವುದೇ ಒಳ್ಳೆಯದು. ಹತ್ತಿಯ ಧೂಳಿನಲ್ಲಿ ಎಷ್ಟು ವರ್ಷ ಕೆಲಸ ಮಾಡಿದರು ಅನ್ನುವುದನ್ನೂ ಹೇಳಿ.

ಪ್ರಶ್ನೆ: ಆಪರೇಶನ್ ಆಗಿ ಮೂರು ದಿನ. ಗಂಟಲು ಕೆರೆಯುತ್ತದೆ, ದನಿ ಒಡೆದಿದೆ. ಮನೆಗೆ ಕಳಿಸಿದ್ದಾರೆ. ಏನಾದರೂ ಆದರೆ ಯಾವಾಗ ತಿರುಗಿ ಹೋಗಬೇಕು? (ರಾಮದುರ್ಗ)

ಉತ್ತರ: ಗಂಟಲು ಟ್ಯೂಬಿನಿಂದ ಕೆರೆಯುತ್ತದೆ, ಬಹಳ ಜನರಿಗೆ ಎರಡು ಮೂರು ದಿನದಲ್ಲಿ ಹೋಗುತ್ತದೆ. ಬೆಚ್ಚಗಿನ ಉಪ್ಪು ನೀರಿನಿಂದ ಮುಕ್ಕಳಿಸಿ. ಒಡೆದ ದನಿ ವಾರ ಕಳೆದರೂ ಸರಿ ಆಗದಿದ್ದರೆ ತೋರಿಸಿ.

ತಿರುಗಿ ಹೋಗಬೇಕಾದದ್ದು ಯಾವಾಗ ಅಂದರೆ: ಜ್ವರದ ಜೊತೆ ಹಳದಿ ಅಥವಾ ಹಸಿರು ಕಫ ಬಂದರೆ, ಕೂತಲ್ಲೇ ಉಸಿರು ಸಾಲದೆ ಒಂದು ಮಾತು ಪೂರ್ತಿ ಹೇಳಲು ಆಗದಿದ್ದರೆ, ತುಟಿ ನೀಲಿ ಆದರೆ. ಒಂದೇ ಕಾಲು ಊದಿಕೊಂಡು, ಇದ್ದಕ್ಕಿದ್ದ ಹಾಗೆ ಎದೆ ನೋವು ಬಂದು ದಮ್ಮು ಕಟ್ಟಿದರೆ ಅದು ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿರಬಹುದು. ಇವುಗಳಲ್ಲಿ ಉಸಿರಿನದು ಯಾವುದು ಕಂಡರೂ ಬೆಳಗಾಗಲಿ, ಮೊದಲ ಬಸ್ಸಿಗೆ ಹೋಗೋಣ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಗಾಡಿ ಬರುವವರೆಗೆ ಮಲಗಿಸದೆ ಒರಗಿಸಿ ಕೂರಿಸಿ, ಆಪರೇಶನ್ನಿನ ಕಾಗದ ಕೈಯಲ್ಲಿ ಹಿಡಿದುಕೊಳ್ಳಿ.